ಕಪಾಟಿನೊಳಗಿನ ತೈವಾನ್

ನೇಪಾಳದ ಖೇಮರಾಜ ಭುಸಾಲ ಜಪಾನಿಗೆ ಬಂದ ಮೇಲೆ ಪ್ರಪಂಚದ ಅರ್ಧ ದೇಶಗಳ ಸಿಹಿ ತಿಂದಿದ್ದ. ಹೋಗಿದ್ದು ಮಾತ್ರ ಒಂದು ದೇಶಕ್ಕೂ ಇಲ್ಲ. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಕಾವಾಗುಚಿಯಲ್ಲಿ ಹೋಟೆಲುಗಳಿಗೆ ಹಾಸಿಗೆ ಬಟ್ಟೆ ಒದಗಿಸುವ ಒಂದು ಪುಟ್ಟ ಕಂಪನಿ, ಅಲ್ಲಿ ಅವನದು ಅರ್ಧ ಹೊತ್ತಿನ ಕೆಲಸ. ಯಾರು ಎಲ್ಲಿಗೆ ಹೋಗಿ ಬಂದರೂ ಆ ಊರಿನ ಸಿಹಿಯ ಡಬ್ಬಿ ತಂದು ಒಬ್ಬೊಬ್ಬರ ಮೇಜಿನ ಮೇಲೂ ಒಂದೊಂದು ತುಂಡು ಇಡಲೇಬೇಕು. ಇಡದವನು ಮರುದಿನದಿಂದ ಮನುಷ್ಯರ ಲೆಕ್ಕದಲ್ಲಿಲ್ಲ. ಖೇಮರಾಜನ ಮೇಜಿಗೂ ಎಲ್ಲ ಬರುತ್ತಿತ್ತು. ಅವನು ತಲೆಬಾಗಿ ವಂದಿಸಿ, ತಿಂದು, ಕಾಗದ ಮಡಚಿ ಕಸದ ಬುಟ್ಟಿಗೆ ಹಾಕುತ್ತಿದ್ದ.

ಏಪ್ರಿಲ್ ಕೊನೆಯಲ್ಲಿ, ಜಪಾನಿಗೆಲ್ಲ ಸಾಲಾಗಿ ಬರುವ ದೊಡ್ಡ ರಜೆಗೆ ಮುಂಚೆ, ಮಾಲೀಕ ಹಮಾಗುಚಿ ಎಲ್ಲರ ಎದುರಿಗೇ ಕೇಳಿಬಿಟ್ಟ. ಖೇಮರಾಜ ಎನ್ನುವ ಹೆಸರು ಅಲ್ಲಿನವರ ಬಾಯಲ್ಲಿ ಕೇಮು ಆಗಿತ್ತು, ಮರ್ಯಾದೆಗೆ ಹಿಂದೊಂದು ಸಾನ್.

"ನಾನು ಎಂದಿನ ಹಾಗೆ ಹವಾಯಿಗೆ. ಕೇಮು-ಸಾನ್, ನೀವೆಲ್ಲಿಗೆ? ನಿಮ್ಮ ಬಾಯಿ ಪ್ರಪಂಚ ಎಲ್ಲಾ ಸುತ್ತಿದೆ, ಕಾಲು ಮಾತ್ರ ಕಾವಾಗುಚಿ ದಾಟಿಲ್ಲ!"

ಎಲ್ಲರೂ ನಕ್ಕರು. ಖೇಮರಾಜನೂ ನಕ್ಕ, ಯಾಕೆಂದರೆ ನಕ್ಕದ್ದು ಮಾಲೀಕ. ಕಾಲೇಜಿನ ಓದು ಇನ್ನೇನು ಮುಗಿಯುವುದರಲ್ಲಿತ್ತು. ಕಾಯಂ ನೌಕರಿ ಕೊಡುತ್ತೇನೆಂದು ಹಮಾಗುಚಿ ಸಹಿ ಹಾಕಿದ್ದ. ವಿದ್ಯಾರ್ಥಿ ವೀಸಾ ಬದಲಿಸಿ ಕೆಲಸದ ವೀಸಾ ಕೊಡಿ ಎನ್ನುವ ಅರ್ಜಿ ವಲಸೆ ಕಚೇರಿಯಲ್ಲಿ ಕೂತಿತ್ತು. ಆ ರಜೆಯ ವಾರವೇ ಊರಿನಲ್ಲಿ ಅವನ ಒಬ್ಬಳೇ ತಂಗಿಯ ಮದುವೆ. ಅರ್ಜಿ ಬರೆದುಕೊಟ್ಟ ನಿಶಿದಾ ಎಂಬ ವೀಸಾ ಕಾನೂನಿನ ಪಂಡಿತನನ್ನು ಖೇಮರಾಜ ಮೊದಲೇ ಕೇಳಿ ಬಂದಿದ್ದ.

"ಅರ್ಜಿ ಇರೋವಾಗ ದೇಶ ಬಿಟ್ಟು ಹೋಗಬಾರದು ಅಂತ ಕಾನೂನು ಹೇಳಲ್ಲ," ಎಂದಿದ್ದ ನಿಶಿದಾ. "ಹೋಗಿ ಅಂತ ನಾನೂ ಹೇಳಲ್ಲ. ಇದ್ದಕ್ಕಿದ್ದ ಹಾಗೆ ಕರೀತಾರೆ, ಇನ್ನೊಂದು ಕಾಗದ ಕೇಳ್ತಾರೆ, ಕೆಲವು ಸಲ ಮನೆಗೇ ಬಂದು ನೋಡ್ತಾರೆ. ಹೇಳಿದ ವಿಳಾಸದಲ್ಲಿ ನೀವಿಲ್ಲ ಅಂದ್ರೆ ಅರ್ಜಿ ಕತೆ ಮುಗೀತು. ಆಮೇಲೆ ಆರಾಮಾಗಿ ವಿಮಾನ ಹತ್ತಬಹುದು. ಒಂದೇ ಕಡೆ ಟಿಕೆಟ್ಟು."

ಹೀಗಾಗಿ ತಂಗಿಯ ಮದುವೆಯನ್ನೇ ಬಿಟ್ಟುಕೊಟ್ಟು ಹೊಟ್ಟೆ ಉರಿಸಿಕೊಂಡು ಕೂತಿದ್ದ ಹುಡುಗ ಅವನು. ಇದನ್ನು ಹೇಳಿದ್ದರೆ ಆಫೀಸಿನವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಆದರೆ ಪಾಪ ಎನ್ನಿಸಿಕೊಳ್ಳುವುದಕ್ಕಿಂತ ಸುಳ್ಳು ಹೇಳುವುದು ಸುಲಭ ಎಂದು ಅವನ ನಾಲಿಗೆಗೆ ಆ ಕ್ಷಣದಲ್ಲಿ ಅನ್ನಿಸಿತು.

"ನಾನು ತೈವಾನಿಗೆ ಹೋಗ್ತಿದೀನಿ," ಎಂದುಬಿಟ್ಟ.

ಆಫೀಸೆಲ್ಲ ಚಪ್ಪಾಳೆ ತಟ್ಟಿತು.

ಚಪ್ಪಾಳೆ ಅಲ್ಲಿಗೇ ನಿಂತಿದ್ದರೆ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಖೇಮರಾಜನ ಪಕ್ಕದಲ್ಲೇ ವಾಸವಿದ್ದ ಮನೆ ಒಡತಿ ಓತ್ಸುಬೊ ಅಜ್ಜಿ, ಹಮಾಗುಚಿಯ ಹೆಂಡತಿ ಹೋಗುವ ಬ್ಯೂಟಿ ಪಾರ್ಲರಿಗೇ ಹೋಗುತ್ತಿದ್ದಳು. ಆ ಸಂಜೆಯೇ ಅವನ ಬಾಗಿಲು ಬಡಿದು ಒಂದು ಚೀಲ ಕೈಗಿಟ್ಟಳು. ಒಳಗೆ ಹೊಟ್ಟೆನೋವಿನ ಮಾತ್ರೆ, ವಾಂತಿಯ ಮಾತ್ರೆ, ಸೊಳ್ಳೆ ಮುಲಾಮು, ಕಿವಿಗೆ ಹತ್ತಿ.

"ಹೊರಗಿನ ನೀರು ಕುಡೀಬೇಡಿ ಕೇಮು-ಸಾನ್. ನನಗೇನೂ ತರಬೇಡಿ, ಖಂಡಿತಾ ಬೇಡ. ಅಲ್ಲಿನ ಅನಾನಸ್ ಕೇಕು ಚೆನ್ನಾಗಿರುತ್ತಂತೆ, ಅಷ್ಟೇ. ಎರಡು ಡಬ್ಬಿ ಸಾಕು."

ಮಾತ್ರೆ ತೆಗೆದುಕೊಂಡ ಮೇಲೆ ಪ್ರವಾಸ ಮಾಡದಿರುವುದು ಹೇಗೆ? ಖೇಮರಾಜ ಗಂಭೀರವಾಗಿ ಯೋಚಿಸಿ ಒಂದು ಉಪಾಯ ಕಂಡುಹಿಡಿದ. ಟೋಕಿಯೋದಲ್ಲಿ ಯಾವ ದೇಶದ ಸಿಹಿ ಬೇಕಾದರೂ ಸಿಗುವ ಒಂದು ಅಂಗಡಿಗೆ ಹೋಗಿ ತೈವಾನಿನ ಅನಾನಸ್ ಕೇಕು ಡಬ್ಬಿಗಟ್ಟಲೆ ಕೊಂಡು ತಂದ. ರಜೆಯ ಮೊದಲ ಬೆಳಿಗ್ಗೆ ಖಾಲಿ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ದಡದಡ ಸದ್ದು ಮಾಡಿಸುತ್ತ ಇಳಿಸಿದ. ಓತ್ಸುಬೊ ಅಜ್ಜಿ ಬೀದಿಯ ತಿರುವಿನವರೆಗೂ ಬಂದು ಕೈಬೀಸಿದಳು. ಅವನು ರೈಲು ನಿಲ್ದಾಣಕ್ಕೆ ಹೋಗಿ, ಉದ್ಯಾನದಲ್ಲಿ ಕೂತು, ಅಜ್ಜಿ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗುವ ಹೊತ್ತು ನೋಡಿಕೊಂಡು, ಸೂಟ್‌ಕೇಸನ್ನು ಮಗುವಿನ ಹಾಗೆ ಎತ್ತಿಕೊಂಡು, ಸದ್ದಿಲ್ಲದೆ ಮನೆ ಸೇರಿ ಒಳಗಿನಿಂದ ಬೀಗ ಹಾಕಿಕೊಂಡ. ಖೇಮರಾಜನ ತೈವಾನ್ ಪ್ರವಾಸ ಹೀಗೆ ಶುರುವಾಯಿತು.

ಪರದೇಶದಲ್ಲಿ ಕಷ್ಟಗಳು ಇರುತ್ತವೆ. ದೀಪ ಹಾಕುವಂತಿಲ್ಲ, ಟಿವಿ ಹಚ್ಚುವಂತಿಲ್ಲ, ಶೌಚದ ನೀರು ಬಿಡಬೇಕಾದರೆ ಹೊರಗೆ ಲಾರಿ ಹೋಗುವವರೆಗೆ ಕಾಯಬೇಕು. ಗೋಡೆಗಳು ಹಪ್ಪಳದಷ್ಟು ತೆಳು. ಆದರೂ ಅವನು ದಿನಕ್ಕೊಂದು ಫೋಟೋ ಹುಡುಕಿ ಅಜ್ಜಿಯ ಫೋನಿಗೆ ಕಳಿಸುತ್ತಿದ್ದ. ಇದು ತೈಪೆಯ ಸಂತೆ, ಇದು ತೈಪೆಯ ಗೋಪುರ. ಗೋಡೆಯಾಚೆ ಅಜ್ಜಿಯ ಫೋನು ಟಿಣ್ ಎನ್ನುವುದು ಅವನಿಗೇ ಕೇಳಿಸುತ್ತಿತ್ತು. ಅವಳು ಅದನ್ನು ಜೋರಾಗಿ ಓದಿಕೊಳ್ಳುವುದೂ ಕೇಳಿಸುತ್ತಿತ್ತು.

ಎರಡನೆಯ ದಿನ ಊರಿನಿಂದ ಅಮ್ಮನ ವಿಡಿಯೋ ಫೋನು ಬಂತು. ಅವನು ಗೋಡೆಕಪಾಟಿನೊಳಗೆ ಹಾಸಿಗೆಗಳ ಮಧ್ಯೆ ಹೊಕ್ಕು, ರಗ್ಗು ಮುಸುಕೆಳೆದುಕೊಂಡು ಎತ್ತಿದ.

"ಎಲ್ಲಿದ್ದೀಯೋ? ಯಾಕಿಷ್ಟು ಕತ್ತಲು? ತೈವಾನಲ್ಲಿ ಕರೆಂಟಿಲ್ವಾ?"

ಸುದ್ದಿ ಹೋದ ದಾರಿ ಖೇಮರಾಜನಿಗೆ ಹೊಳೆಯಿತು. ಅಜ್ಜಿ ವಾರಕ್ಕೊಮ್ಮೆ ಊಟಕ್ಕೆ ಹೋಗುವುದು ಕಾವಾಗುಚಿಯಲ್ಲೇ ಇದ್ದ ಅವನ ಸೋದರಮಾವ ಡಿಲ್ಲಿಪ್ರಸಾದನ ಹೋಟೆಲಿಗೆ. ಮಾವನ ಕಿವಿಗೆ ಬಿದ್ದದ್ದು ಅನ್ನ ಬೇಯುವುದರೊಳಗೆ ನೇಪಾಳ ತಲುಪುತ್ತಿತ್ತು.

"ಅಮ್ಮಾ, ನಾನು ತೈವಾನಿಗೆ ಹೋಗಿಲ್ಲ," ಎಂದು ಪಿಸುಗುಟ್ಟಿದ.

"ಮಾವ ಸುಳ್ಳು ಹೇಳ್ತಾನಾ? ಫೋಟೋ ನೋಡಿದೆ ನಾನು. ತಂಗಿ ಮದುವೆಗೆ ಬರೋಕೆ ವೀಸಾ ಅಡ್ಡ. ತೈವಾನಿಗೆ ಅಡ್ಡ ಇಲ್ಲ. ಹೋಮದಲ್ಲಿ ಅವಳ ಬೊಗಸೆಗೆ ಅರಳು ಸುರಿಯೋಕೆ ಅಣ್ಣ ಎಲ್ಲಿ ಅಂತ ಪುರೋಹಿತರು ಕೇಳಿದ್ರು. ಪಕ್ಕದ ಮನೆ ಹುಡುಗನ್ನ ಎಬ್ಬಿಸಿ ನಿಲ್ಲಿಸಿದ್ವಿ. ನೀನು ಗೋಪುರ ನೋಡ್ತಾ ಇದ್ದೆ."

"ಅಮ್ಮಾ, ದೇವರಾಣೆ ಎಲ್ಲೂ ಹೋಗಿಲ್ಲ. ಮನೇಲೇ ಕಪಾಟಲ್ಲಿ ಇದೀನಿ."

"ಮನೇಲೇ ಖಾಲಿ ಕೂತಿದ್ದವನು ಮದುವೆಗೆ ಯಾಕೋ ಬರಲಿಲ್ಲ?"

ಅಮ್ಮ ಫೋನಿಟ್ಟಳು. ಖೇಮರಾಜನಿಗೆ ನಿಜವಾಗಿಯೂ ಅಳು ಬಂತು. ಆದರೆ ಗೋಡೆಯಾಚೆ ಅಜ್ಜಿ ಇದ್ದಳು. ತೈವಾನಿನಲ್ಲಿರುವವನು ಕಾವಾಗುಚಿಯಲ್ಲಿ ಅಳುವಂತಿಲ್ಲವಲ್ಲ, ದಿಂಬು ಕಚ್ಚಿಕೊಂಡ.

ರಜೆಗಳ ಮಧ್ಯೆ ಸರ್ಕಾರಿ ಕಚೇರಿಗಳು ತೆರೆಯುವ ಒಂದು ದಿನ ಬಡಪಾಯಿಯ ಹಾಗೆ ಸಿಕ್ಕಿಕೊಂಡಿತ್ತು. ಬ್ರೆಡ್ಡು ತಿಂದು ತಿಂದು ಖೇಮರಾಜನಿಗೆ ಬಾಯಿ ಸಪ್ಪೆಯಾಗಿತ್ತು. ಅಜ್ಜಿ ಬೆಳಿಗ್ಗೆ ಹೊರಗೆ ಹೋದ ಸದ್ದಾಯಿತು. ಕಿಟಕಿಗಳನ್ನು ಇನ್ನೊಮ್ಮೆ ಭದ್ರ ಮಾಡಿ, ಅಮ್ಮ ಊರಿನಿಂದ ಕಟ್ಟಿಕೊಟ್ಟಿದ್ದ ಕುಕ್ಕರಿನಲ್ಲಿ ಬೇಳೆ ಇಟ್ಟ. ಒಂದೇ ಒಂದು ಊಟ ಅನ್ನ ಸಾರು, ಅಷ್ಟೇ ಅವನ ಆಸೆ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಖೇಮರಾಜ ಒಲೆಯ ಉರಿ ತಗ್ಗಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಬಂದು ಬಾಗಿಲ ಕಿಂಡಿಗೆ ಕಣ್ಣಿಟ್ಟ. ಕಪ್ಪು ಚೀಲ ಹಿಡಿದ ಒಬ್ಬ ಸಣಕಲು ಮನುಷ್ಯ ನಿಂತಿದ್ದ. ಅವನ ಹಿಂದಿನಿಂದ ಓತ್ಸುಬೊ ಅಜ್ಜಿಯೂ ಮೆಟ್ಟಿಲೇರಿ ಬಂದಳು, ಕೈಯಲ್ಲಿ ತರಕಾರಿ.

"ಯಾರು ಬೇಕಿತ್ತು?" ಎಂದು ಕೇಳಿದಳು.

"ವಲಸೆ ಕಚೇರಿಯಿಂದ, ಶಿರಾಕಿ ಅಂತ. ಭುಸಾಲ ಖೇಮರಾಜ ಅನ್ನೋರು ಇಲ್ಲಿ ವಾಸ ಇದ್ದಾರಾ ಅಂತ ನೋಡಿಕೊಂಡು ಹೋಗೋಣ ಅಂತ ಬಂದೆ."

ಖೇಮರಾಜನ ಕೈ ಬೀಗದ ಮೇಲೆ ಹೋಯಿತು. ತೆರೆದರೆ ವೀಸಾ ಉಳಿಯುತ್ತದೆ, ಮಾನ ಹೋಗುತ್ತದೆ. ತೆರೆಯದಿದ್ದರೆ ಮಾನ ಉಳಿಯುತ್ತದೆ, ಆದರೆ ಆ ಮಾನವನ್ನು ಹೊತ್ತುಕೊಂಡು ಒಂದೇ ಕಡೆ ಟಿಕೆಟ್ಟಿನಲ್ಲಿ ಊರಿಗೆ ಹೋಗಬೇಕಾಗುತ್ತದೆ. ಯಾವ ಮೂರ್ಖನಾದರೂ ಬಾಗಿಲು ತೆರೆಯುತ್ತಿದ್ದ. ನಮ್ಮ ಖೇಮರಾಜ ಮೂರ್ಖನಲ್ಲದ ಕಾರಣ ಇನ್ನೊಂದು ನಿಮಿಷ ನೋಡೋಣ ಎಂದುಕೊಂಡ.

"ಕೇಮು-ಸಾನ್ ಇಲ್ಲೇ ಇರೋದು," ಎಂದಳು ಅಜ್ಜಿ. "ತುಂಬಾ ಒಳ್ಳೆ ಹುಡುಗ. ಈಗ ತೈವಾನಲ್ಲಿದ್ದಾರೆ."

"ತೈವಾನಲ್ಲಾ? ಇಲ್ಲವಲ್ಲ," ಎಂದ ಶಿರಾಕಿ. "ಅವರು ದೇಶ ಬಿಟ್ಟು ಹೋಗಿದ್ದರೆ ನಮ್ಮ ಕಂಪ್ಯೂಟರಿನಲ್ಲಿ ಬಂದಿರೋದು. ಬೆಳಿಗ್ಗೆ ತಾನೇ ನೋಡಿಕೊಂಡು ಹೊರಟೆ."

ಭೂಮಿಯ ಮೇಲೆ ಖೇಮರಾಜ ತೈವಾನಿಗೆ ಹೋಗಿಲ್ಲವೆಂದು ಖಚಿತವಾಗಿ ಗೊತ್ತಿದ್ದದ್ದು ಈ ಒಂದು ಕಚೇರಿಗೆ. ಅದೇ ಕಚೇರಿಯ ಎದುರು ಅವನನ್ನು ತೈವಾನಿಗೆ ಕಳಿಸಿಯೇ ತೀರುತ್ತೇನೆಂದು ಅಜ್ಜಿ ತರಕಾರಿ ಕೆಳಗಿಟ್ಟಳು.

"ನಿಮ್ಮ ಕಂಪ್ಯೂಟರು ಕೆಟ್ಟಿರಬೇಕು. ಹೊಟ್ಟೆನೋವಿನ ಮಾತ್ರೆ ನಾನೇ ಕೊಟ್ಟಿದೀನಿ. ನೋಡಿ ಗೋಪುರ! ನೋಡಿ ಸಂತೆ!"

"ಈ ಫೋಟೋದಲ್ಲಿ ಅವರಿಲ್ಲವಲ್ಲ."

"ತೆಗೆದೋನು ಫೋಟೋದಲ್ಲಿ ಹೇಗೆ ಇರ್ತಾನೆ? ನನ್ನ ಮಾತು ಬೇಡ, ಅವರ ಮಾಲೀಕರನ್ನೇ ಕೇಳಿ. ಹವಾಯಿಯಲ್ಲಿದ್ದಾರೆ, ಪರವಾಗಿಲ್ಲ, ಮಾತಾಡ್ತಾರೆ."

ಹೇಗೂ ಮಾಲೀಕನನ್ನೂ ಕೇಳಬೇಕಾಗಿತ್ತು. ಶಿರಾಕಿ ಫೋನು ಮಾಡಿದ. ತನಗೂ ಕೇಳಿಸಲಿ ಎಂದು ಅಜ್ಜಿಯೇ ಗುಂಡಿಯೊತ್ತಿ ಸದ್ದು ಜೋರು ಮಾಡಿದಳು.

"ಹಲೋ, ಹಮಾಗುಚಿ! ಹವಾಯಿಯಿಂದ ಮಾತಾಡ್ತಿದೀನಿ!"

ಆಗಲೇ ಕೆಳಗೆ ಬೀದಿಯಲ್ಲಿ ಬಟ್ಟೆ ಒಣಹಾಕುವ ಕೋಲು ಮಾರುವವನ ಗಾಡಿ ಬಂತು. ಮೈಕಿನಲ್ಲಿ ಹಳೇ ರೆಕಾರ್ಡಿನ ಹೆಂಗಸಿನ ದನಿ ಎಳೆದೆಳೆದು ಕೂಗುತ್ತಿತ್ತು: "ಕೋಲೂ, ಬಿದಿರಿನ ಕೋಲೂ..." ಗಾಡಿ ನಿಧಾನವಾಗಿ ಮುಂದಿನ ಬೀದಿಗೆ ತಿರುಗಿತು. ಆ ಮುಂದಿನ ಬೀದಿಯಲ್ಲೇ ಹಮಾಗುಚಿಯ ಮನೆ.

"ಹೌದು ಹೌದು, ಕೇಮು-ಸಾನ್ ತೈವಾನಿಗೆ ಹೋಗಿದ್ದಾರೆ," ಎನ್ನುತ್ತಿತ್ತು ಫೋನು. "ಇಲ್ಲಿ ಸಮುದ್ರದ ಅಲೆ ಜೋರು, ಸರಿಯಾಗಿ ಕೇಳಿಸ್ತಿಲ್ಲ..."

"ಕೋಲೂ," ಎಂದಿತು ಹವಾಯಿಯ ಸಮುದ್ರ. "ಬಿದಿರಿನ ಕೋಲೂ..."

ಶಿರಾಕಿ ಫೋನನ್ನು ಒಂದು ಸಲ ನೋಡಿದ, ಬೀದಿಯ ಕಡೆ ಒಂದು ಸಲ ನೋಡಿದ. ಆಮೇಲೆ ವಿನಯದಿಂದ ವಂದನೆ ಹೇಳಿ ಫೋನಿಟ್ಟ. ಹಮಾಗುಚಿಗೆ ಯಾವ ವೀಸಾವೂ ಬೇಕಾಗಿರಲಿಲ್ಲ.

"ಕೇಳಿದ್ರಲ್ಲ?" ಅಜ್ಜಿ ಗೆದ್ದವಳ ಹಾಗೆ ಹೇಳಿದಳು. "ಅವರು ಇಲ್ಲಿಲ್ಲ. ನಿಮ್ಮ ಲೆಕ್ಕದಲ್ಲೂ ಹೋಗಿಲ್ಲ. ಹಾಗಾದ್ರೆ..." ಅವಳ ಮುಖ ಬಿಳಿಚಿತು. "ಹಾಗಾದ್ರೆ ನಿಮ್ಮ ಕಣ್ಣು ತಪ್ಪಿಸಿ ಹೋಗಿದ್ದಾರೆ! ದೋಣಿಯಲ್ಲಿ! ಅಯ್ಯೋ, ಅದಕ್ಕೇ ವಾಂತಿ ಮಾತ್ರೆ ಕೊಟ್ಟಾಗ ಅಷ್ಟು ಖುಷಿಯಾಗಿ ತಗೊಂಡ್ರು!"

ಶಿರಾಕಿ ಚೀಲದಿಂದ ಪೆನ್ನು ತೆಗೆದ. ಪೆನ್ನಿನ ತುದಿ ಕಾಗದಕ್ಕೆ ತಾಗುವುದನ್ನು ಖೇಮರಾಜ ಕಿಂಡಿಯಿಂದ ನೋಡಿದ. ಆಗ ಅಡುಗೆಮನೆಯಲ್ಲಿ ಸಣ್ಣ ಉರಿಯಲ್ಲಿ ಉಸಿರು ಹಿಡಿದುಕೊಂಡಿದ್ದ ಕುಕ್ಕರು, ಇನ್ನು ತನ್ನಿಂದಾಗದು ಎನ್ನುವಂತೆ, ಮೈಯೆಲ್ಲ ನಡುಗಿಸಿ ಒಂದು ಸೀಟಿ ಹೊಡೆಯಿತು.

ಜಪಾನಿನ ಕುಕ್ಕರುಗಳು ಸೀಟಿ ಹೊಡೆಯುವುದಿಲ್ಲ. ಅಂಥ ಸದ್ದನ್ನು ಓತ್ಸುಬೊ ಅಜ್ಜಿ ಚಿಕ್ಕವಳಿದ್ದಾಗ ಉಗಿಬಂಡಿಯಿಂದ ಕೇಳಿದ್ದಳು.

"ಕಳ್ಳ!" ಎಂದು ಕಿರುಚಿದಳು. "ಪಾಪದ ಹುಡುಗ ದೋಣಿಯಲ್ಲಿ ಹೋಗಿದ್ದಾನೆ, ಮನೆಗೆ ಕಳ್ಳ ನುಗ್ಗಿದ್ದಾನೆ! ತಾಳಿ, ಬೀಗದ ಕೈ ನನ್ನ ಹತ್ರ ಇದೆ!"

ಖೇಮರಾಜನ ತಲೆ ಕೆಟ್ಟಿತು. ಕೆಟ್ಟ ತಲೆ ಅವನನ್ನು ಎಳೆದುಕೊಂಡು ಹೋಗಿ ಸೂಟ್‌ಕೇಸು, ಟೋಪಿ, ಅನಾನಸ್ ಕೇಕಿನ ಡಬ್ಬಿಗಳ ಸಮೇತ ಗೋಡೆಕಪಾಟಿನೊಳಗೆ ತುರುಕಿತು. ಬಾಗಿಲ ಬಳಿಯ ಬೂಟುಗಳನ್ನು ನೋಡಿ ಗುರುತು ಹಿಡಿದಾರು ಎಂದು ಅವನ್ನೂ ಕಾಲಿಗೆ ಹಾಕಿಕೊಂಡ. ಬೀಗ ತಿರುಗಿತು. ಅಜ್ಜಿ ಮೂಲಂಗಿಯೊಂದನ್ನು ದೊಣ್ಣೆಯ ಹಾಗೆ ಎತ್ತಿ ಹಿಡಿದು ಮುಂದೆ ಬಂದಳು, ಹಿಂದೆ ಶಿರಾಕಿ. ಬೇಳೆಯ ವಾಸನೆ ಮನೆ ತುಂಬಿತ್ತು.

"ಅಡುಗೆ ಮಾಡ್ಕೊಂಡು ತಿಂತಾನೆ ಕಳ್ಳ!" ಎನ್ನುತ್ತ ಅಜ್ಜಿ ಕಪಾಟಿನ ಬಾಗಿಲು ಸರಕ್ಕನೆ ಸರಿಸಿದಳು.

ತಲೆಗೆ ಟೋಪಿ ಇಟ್ಟು, ಕೈಯಲ್ಲಿ ಸೂಟ್‌ಕೇಸು ಹಿಡಿದು, ಬೂಟುಗಾಲಿನಲ್ಲಿ ಖೇಮರಾಜ ಕಪಾಟಿನಿಂದ ಕೆಳಗಿಳಿದ.

"ಈಗ ತಾನೇ ಬಂದೆ," ಎಂದ.

"ಚಾಪೆ ಮೇಲೆ ಬೂಟು!" ಎಂದು ಅಜ್ಜಿ ಚೀರಿದಳು. ಕಳ್ಳನಿಗೂ ಅವಳು ಇಷ್ಟು ಬೆಚ್ಚಿರಲಿಲ್ಲ. ಖೇಮರಾಜ ಒಂಟಿಗಾಲಿನಲ್ಲಿ ಕುಣಿಯುತ್ತ ಬೂಟು ಕಳಚಿ, ಇಬ್ಬರಿಗೂ ಒಂದೊಂದು ಅನಾನಸ್ ಕೇಕಿನ ಡಬ್ಬಿ ಕೊಟ್ಟು ಸೊಂಟ ಮುರಿಯುವ ಹಾಗೆ ಬಾಗಿ ವಂದಿಸಿದ.

"ತೈವಾನಿನಿಂದ. ಏನೋ ಅಲ್ಪಸ್ವಲ್ಪ."

ಕೊಟ್ಟ ಸಿಹಿಯ ಡಬ್ಬಿಯನ್ನು ಅಲ್ಲಿ ಯಾರೂ ತಿರುವಿ ನೋಡುವುದಿಲ್ಲ, ಅದು ಮರ್ಯಾದೆಯಲ್ಲ. ಆದರೆ ಶಿರಾಕಿ ಹುಟ್ಟಿದ್ದೇ ಕಾಗದಗಳನ್ನು ಎರಡೂ ಕಡೆ ಓದುವುದಕ್ಕೆ. "ನಾವು ಇಂಥದ್ದು ತಗೊಳ್ಳೋ ಹಾಗಿಲ್ಲ," ಎನ್ನುತ್ತ ಹಿಂದಿರುಗಿಸುವಾಗ ಕೈ ಅದಾಗಿಯೇ ಡಬ್ಬಿ ತಿರುವಿತು. ಜಪಾನಿನಲ್ಲಿ ಮಾರುವ ಹೊರದೇಶದ ತಿಂಡಿಗೆಲ್ಲ ಹಿಂದೆ ಜಪಾನಿ ಭಾಷೆಯ ಬಿಳಿ ಚೀಟಿ ಅಂಟಿಸಿರಲೇಬೇಕು. ಆ ಚೀಟಿ ಅಲ್ಲಿತ್ತು. ಪಕ್ಕದಲ್ಲಿ ಟೋಕಿಯೋದ ಅಂಗಡಿಯ ಬೆಲೆಯೂ ಇತ್ತು.

ಶಿರಾಕಿ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

"ಭುಸಾಲ-ಸಾನ್, ಒಂದೇ ಪ್ರಶ್ನೆ. ನಾನು ಇದನ್ನ ಬರೆದುಕೊಳ್ಳಬೇಕು. ರಜೆಯಲ್ಲಿ ನೀವು ಎಲ್ಲಿದ್ರಿ?"

ಅಜ್ಜಿ ತನ್ನ ಡಬ್ಬಿಯನ್ನು ಎದೆಗೊತ್ತಿಕೊಂಡು ಅವನನ್ನೇ ನೋಡುತ್ತಿದ್ದಳು. ಆ ಮುಖ ನೋಡುತ್ತ ಹೇಳುವುದು ಕಷ್ಟವಿತ್ತು. ಖೇಮರಾಜ ಚಾಪೆಗೆ ಹಣೆ ತಾಗಿಸಿದ.

"ಎಲ್ಲಿಗೂ ಹೋಗಿಲ್ಲ ಸಾರ್. ಕಪಾಟಲ್ಲಿದ್ದೆ. ತಂಗಿ ಮದುವೆಗೂ ಹೋಗಿಲ್ಲ. ಎಲ್ಲರ ಸಿಹಿ ತಿಂದಿದ್ದೆ, ಒಂದು ಸಲನಾದ್ರೂ ಕೊಡೋಣ ಅಂತ..."

ಶಿರಾಕಿ ಬರೆದುಕೊಂಡ. ಬರೆದದ್ದು ಒಂದೇ ಸಾಲು: ಹೇಳಿದ ವಿಳಾಸದಲ್ಲಿ ವಾಸವಿದ್ದಾರೆ. ಅದರ ಕೆಳಗೆ ಒಂದು ಕ್ಷಣ ಪೆನ್ನು ತಡೆದು, "ಹೊರಗೇ ಹೋಗುವುದಿಲ್ಲ" ಎಂದು ಸೇರಿಸಿದ. ಹೊರಡುವಾಗ ಮೂಗರಳಿಸಿ, "ಒಗ್ಗರಣೆ ಇನ್ನೂ ಹಾಕಿಲ್ಲ ಅಲ್ವಾ?" ಎಂದು ಕೇಳಿ ಮೆಟ್ಟಿಲಿಳಿದ. ಅವನೂ ಡಿಲ್ಲಿ ಮಾವನ ಹೋಟೆಲಿನ ಗಿರಾಕಿಯೇ ಇರಬೇಕು.

ಅಜ್ಜಿ ಮೂಲಂಗಿ ತೆಗೆದುಕೊಂಡು ಹೋದಳು. ಡಬ್ಬಿಯನ್ನೂ ತೆಗೆದುಕೊಂಡು ಹೋದಳು.

ರಜೆ ಮುಗಿದ ಮೇಲೆ ಆಫೀಸಿನಲ್ಲಿ ಎರಡು ಸಿಹಿ ಹಂಚಲಾಯಿತು. ಹಮಾಗುಚಿಯ ಹವಾಯಿ ಚಾಕೊಲೇಟನ್ನು ಎಲ್ಲರೂ ಎರಡು ಕೈ ಚಾಚಿ ತೆಗೆದುಕೊಂಡು, "ಬಿಸಿಲಿಗೆ ಎಷ್ಟು ಕಪ್ಪಾಗಿದ್ದೀರಿ ಸಾರ್," ಎಂದರು. ಖೇಮರಾಜನ ಅನಾನಸ್ ಕೇಕಿನ ಡಬ್ಬಿಯನ್ನು ಎಲ್ಲರೂ ಒಬ್ಬರಾದ ಮೇಲೊಬ್ಬರು ತಿರುವಿ ನೋಡಿದರು. ಬ್ಯೂಟಿ ಪಾರ್ಲರು ತನ್ನ ಕೆಲಸ ಮಾಡಿತ್ತು.

"ತೈವಾನು ಇಷ್ಟು ಹತ್ತಿರ ಅಂತ ಗೊತ್ತಿರಲಿಲ್ಲ," ಎಂದ ಹಮಾಗುಚಿ, ಚೀಟಿಯನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತ. ಖೇಮರಾಜನ ನಾಲಿಗೆಯ ತುದಿಗೆ ಕೋಲಿನ ಗಾಡಿ ಬಂದು ನಿಂತಿತ್ತು. ಆದರೆ ಅರ್ಜಿಯ ಕೆಳಗೆ ಇದ್ದದ್ದು ಹಮಾಗುಚಿಯ ಸಹಿ. ಅವನು ಚಾಕೊಲೇಟನ್ನು ಕಾಗದದ ಸಮೇತ ಬಾಯಿಗೆ ಹಾಕಿಕೊಂಡು, ಹವಾಯಿ ತುಂಬಾ ರುಚಿಯಾಗಿದೆ ಎಂದ.

ಮಳೆಗಾಲ ಕಳೆಯುವ ಹೊತ್ತಿಗೆ ಕೆಲಸದ ವೀಸಾ ಬಂತು. ದಸೈಂ ಹಬ್ಬಕ್ಕೆ, ಅಂದರೆ ನೇಪಾಳದ ದಸರೆಗೆ, ಖೇಮರಾಜ ಊರಿಗೆ ಹಾರಿದ. ಈ ಸಲ ಯಾರಿಗೂ ಮೊದಲೇ ಹೇಳದೆ, ಸೂಟ್‌ಕೇಸಿನ ಸದ್ದು ಮಾಡದೆ, ಬೆಳಗಿನ ಜಾವದ ರೈಲಿಗೆ ಹೋದ. ಅಮ್ಮ ಮೊದಲ ದಿನ ಮಾತಾಡಲಿಲ್ಲ, ಎರಡನೆಯ ದಿನ ಬೈದಳು, ಮೂರನೆಯ ದಿನ ಹಬ್ಬದ ತಿಲಕವೆಂದು ಮೊಸರಲ್ಲಿ ಕಲಸಿದ ಕೆಂಪು ಅಕ್ಕಿಯನ್ನು ಅಂಗೈಯಗಲ ಹಣೆಗೆ ಒತ್ತಿ, ಹಾಗೇ ತಲೆ ಹಿಡಿದುಕೊಂಡು ಅತ್ತಳು. ತಂಗಿ ಗಂಡನೊಂದಿಗೆ ಬಂದು, "ಅಣ್ಣಾ, ತೈವಾನಲ್ಲಿ ಏನೇನು ನೋಡಿದೆ?" ಎಂದು ಕಿಚಾಯಿಸಿದಳು. ಬರುವಾಗ ಅಮ್ಮ ಬೆಟ್ಟದ ಚಮರಿ ಹಸುವಿನ ಹಾಲಿನ ಒಣಗಿಣ್ಣನ್ನು ತಾನೇ ಹೊಲಿದ ಬಟ್ಟೆ ಚೀಲಗಳಲ್ಲಿ ಕಟ್ಟಿಕೊಟ್ಟಳು.

ವಿಮಾನ ಇಳಿದವನು ಹಣೆಯ ಅಕ್ಕಿಯನ್ನೂ ಒರೆಸದೆ, ಮೊದಲ ಚೀಲ ಹಿಡಿದುಕೊಂಡು ನೇರ ಓತ್ಸುಬೊ ಅಜ್ಜಿಯ ಬಾಗಿಲಿಗೆ ಹೋದ.

"ಅಜ್ಜಿ, ನೇಪಾಳದಿಂದ. ಅಮ್ಮ ಕಳಿಸಿದ್ದು."

ಅಜ್ಜಿ ಕನ್ನಡಕ ಹಾಕಿಕೊಂಡು ಚೀಲವನ್ನು ಈ ಕಡೆ ತಿರುವಿದಳು, ಆ ಕಡೆ ತಿರುವಿದಳು. ಗಿಣ್ಣಿನ ಒಂದು ತುಂಡು ತೆಗೆದು ಅದನ್ನೂ ತಿರುವಿದಳು.

"ಚೀಟಿ ಇಲ್ಲ," ಎಂದಳು.

"ಇಲ್ಲ ಅಜ್ಜಿ! ಅಮ್ಮ ಮನೇಲಿ ಕಟ್ಟಿದ್ದು! ಪಾಸ್‌ಪೋರ್ಟು ತೋರಿಸಲಾ? ಮುದ್ರೆ ಇದೆ!"

"ಬೇಡ ಬೇಡ, ಒಳಗಿಡಿ." ಅವಳು ಅವನ ಹಣೆಯನ್ನು ಕರುಣೆಯಿಂದ ನೋಡಿ, ಅಕ್ಕಿಯ ಕಾಳೊಂದನ್ನು ಬೆರಳಲ್ಲಿ ಮುಟ್ಟಿದಳು. "ಬಣ್ಣ ಕೂಡ ಹಚ್ಕೊಂಡಿದೀರಿ. ಚೀಟಿ ಎಷ್ಟು ಹೊತ್ತು ಕೂತು ಕಿತ್ತಿರೋ ಪಾಪ. ಈ ಸಲ ಸೀಟಿ ಸದ್ದೂ ಕೇಳಿಸಲಿಲ್ಲ, ನೀರಿನ ಸದ್ದೂ ಕೇಳಿಸಲಿಲ್ಲ. ತುಂಬಾ ಚೆನ್ನಾಗಿ ಕಲಿತಿದೀರಿ."

ಖೇಮರಾಜ ಆದರೂ ಪಾಸ್‌ಪೋರ್ಟು ತೆಗೆದು ಮುದ್ರೆಯ ಪುಟ ಬಿಚ್ಚಿ ಹಿಡಿದ.

ಅಜ್ಜಿ ಅದನ್ನು ನೋಡದೆ ಒಳಗೆ ಹೋಗಿ, ಇನ್ನೂ ಬಿಸಿಯಿದ್ದ ಅನ್ನದ ಡಬ್ಬಿಯೊಂದನ್ನು ತಂದು ಅವನ ಕೈಗಿಟ್ಟಳು.

"ಸೊರಗಿ ಹೋಗಿದೀರಿ. ಮುಂದಿನ ಸಲ ಫಾರಿನ್ನಿಗೆ ಹೋದಾಗ ನನಗೊಬ್ಬಳಿಗೆ ಗುಟ್ಟಾಗಿ ಹೇಳಿ ಕೇಮು-ಸಾನ್. ಊಟ ಬಾಗಿಲ ಹತ್ರ ಇಟ್ಟು ಹೋಗ್ತೀನಿ."